ಬ್ಯಾಟರಿಗೆ ಬಂದ ಅಪವಾದ

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದರೆ ಆಟೋ ಕಾಂಪ್ಲೆಕ್ಸ್ ಸಿಗುತ್ತದೆ. ಆಷಾಢದ ಜಡಿಮಳೆ ಹಿಡಿದ ಬೆಳಗ್ಗೆ ಅದರ ಒಳರಸ್ತೆಗೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ ಹತ್ತುತ್ತದೆ. ಒದ್ದೆ ಮಣ್ಣು, ಸುಟ್ಟ ಡೀಸೆಲ್, ಗ್ಯಾಸ್ ವೆಲ್ಡಿಂಗಿನ ಘಾಟು, ಹಳೇ ಗ್ರೀಸು, ನಡುವೆ ಎಲ್ಲೋ ಕುದಿಯುತ್ತಿರುವ ಚಹಾದ ಶುಂಠಿ. ಒಂದು ಶೆಡ್ಡಿನಲ್ಲಿ ಟಿಂಕರಿಂಗಿನವರು ಮಡ್‌ಗಾರ್ಡು ಬಡಿಯುತ್ತಿರುತ್ತಾರೆ, ಇನ್ನೊಂದರಲ್ಲಿ ಲೇತ್ ಕೊರೆಯುತ್ತಿರುತ್ತದೆ, ತಗಡಿನ ಮಾಡಿನ ಮೇಲೆ ಮಳೆ ಎರಡನ್ನೂ ಮುಳುಗಿಸುವಂತೆ ಹೊಡೆಯುತ್ತಿರುತ್ತದೆ. ಈ ಗದ್ದಲದಲ್ಲಿ ಅಷ್ಟಾಗಿ ಸದ್ದು ಮಾಡದ ಅಂಗಡಿಯೊಂದಿದೆ. ಅಲ್ಲಿ ಸುತ್ತಿಗೆಗೆ ಕೆಲಸ ಕಡಿಮೆ. ಬನ್ನಿ, ಬಾಗಿಲ ಪಕ್ಕದ ಮರದ ಬೆಂಚಿನಲ್ಲಿ ಜಾಗವಿದೆ.

ಗೋಡೆಯ ಮೊಳೆಗಳಿಗೆ ವೈರಿಂಗಿನ ಗೊಂಚಲುಗಳು ನೇತುಬಿದ್ದಿವೆ: ಕೆಂಪು, ಕಪ್ಪು, ಹಳದಿ, ಹಳದಿಯ ಮೇಲೆ ಹಸಿರು ಗೀಟು. ಕೆಳಗೆ ಹಲಗೆಯ ಮೇಲೆ ನಾಲ್ಕಾರು ಬ್ಯಾಟರಿಗಳು ಚಾರ್ಜಿಗೆ ಕೂತಿವೆ. ಮುಚ್ಚಳ ತೆಗೆದ ಹಳೇ ಮಾದರಿಯದಕ್ಕೆ ಕಿವಿಗೊಟ್ಟರೆ ಒಳಗೆ ಸಣ್ಣಗೆ ಗುಳ್ಳೆ ಒಡೆಯುವ ಸದ್ದು ಕೇಳುತ್ತದೆ, ಬಗ್ಗಿದರೆ ಆಸಿಡ್ಡಿನ ಹುಳಿ ವಾಸನೆ ಗಂಟಲಿಗೆ ತಾಗುತ್ತದೆ. ಹೆಚ್ಚು ಬಗ್ಗಬೇಡಿ. ಆ ಗುಳ್ಳೆಯಲ್ಲಿರುವುದು ಹೈಡ್ರೋಜನ್, ಒಂದು ಕಿಡಿ ಸಾಕು ಅದಕ್ಕೆ. ಅದಕ್ಕೇ ಈ ಮೂಲೆಯಲ್ಲಿ ಬೀಡಿ ಹಚ್ಚುವಂತಿಲ್ಲ ಎಂಬ ಕಟ್ಟಾಜ್ಞೆ. ಮೇಸ್ತ್ರಿಯ ಅಂಗಿಯ ಹೊಟ್ಟೆಭಾಗದಲ್ಲಿ ರಾಗಿಕಾಳಿನಷ್ಟು ತೂತುಗಳು ಒಟ್ಟೊಟ್ಟಿಗೆ ಬಿದ್ದಿವೆ. ಆಸಿಡ್ ಹನಿ ಬಿದ್ದದ್ದು ಆಗ ಕಾಣುವುದಿಲ್ಲ, ಒಗೆದು ಒಣಹಾಕಿದಾಗ ಕಾಣುತ್ತದೆ.

ಮೊದಲ ಗಿರಾಕಿ ಹೊಸನಗರದ ಕಡೆಯ ಅಡಿಕೆ ತೋಟದ ಯಜಮಾನರು. ಕಾರು ಸಣ್ಣದು, ಬಿಳಿಯದು, ಚಕ್ರದ ಕಮಾನಿಗೆಲ್ಲ ಕೆಮ್ಮಣ್ಣು ಮೆತ್ತಿದೆ. ಪಕ್ಕದ ಮನೆಯವರ ಜೀಪಿನಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿಸಿಕೊಂಡು ಬಂದಿದ್ದಾರೆ. ಎಲ್ಲಿ ನಿಂತುಬಿಡುತ್ತದೋ ಎಂದು ದಾರಿಯುದ್ದಕ್ಕೂ ಎಂಜಿನ್ ಆರಿಸಿಲ್ಲ.

"ಎಂತ ಮಾರಾಯ್ರೇ, ಎರಡು ವರ್ಷದಲ್ಲಿ ಎರಡು ಬ್ಯಾಟರಿ ಹಾಕ್ಸಾಯ್ತು. ಮಳೆಗಾಲ ಬಂತು ಅಂದ್ರೆ ಬೆಳಗ್ಗೆ ಸೆಲ್ಫೇ ತಗೊಳಲ್ಲ. ಇನ್ನೊಂದು ಹಾಕ್ಬಿಡಿ ಅತ್ಲಾಗೆ."

"ಹಾಕೋದು ಇದ್ದೇ ಇದೆ ಯಜಮಾನ್ರೇ. ಮೊದ್ಲು ಎಂಜಿನ್ ಆಫ್ ಮಾಡಿ, ಚಾ ಕುಡೀರಿ" ಎನ್ನುತ್ತಾರೆ ಮೇಸ್ತ್ರಿ.

ಚಹಾದ ಮಾತು ಬರೀ ಉಪಚಾರವಲ್ಲ. ಓಡಿಬಂದ ಗಾಡಿಯ ಬ್ಯಾಟರಿ ತನ್ನ ನಿಜವಾದ ಲೆಕ್ಕ ಕೊಡುವುದಿಲ್ಲ. ಪ್ಲೇಟುಗಳ ಮೇಲ್ಮೈಯಲ್ಲಿ ಒಂದಿಷ್ಟು ಚಾರ್ಜ್ ಮೇಲಮೇಲಕ್ಕೆ ನಿಂತಿರುತ್ತದೆ, ಅದು ಇಳಿಯಲು ಸಮಯ ಬೇಕು. ಗಂಟೆಗಟ್ಟಲೆ ಬಿಟ್ಟರೆ ಒಳ್ಳೆಯದು, ಅವಸರವಿದ್ದರೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ ಆರಿಸುವುದೂ ಉಂಟು. ಚಹಾ ಮುಗಿದ ಮೇಲೆ ಮೇಸ್ತ್ರಿ ಹಳದಿ ರಬ್ಬರಿನ ಕವಚವಿರುವ ಮಲ್ಟಿಮೀಟರ್ ತೆಗೆದು ಕೆಂಪು ಕಡ್ಡಿಯನ್ನು ಪ್ಲಸ್ಸಿಗೂ ಕಪ್ಪನ್ನು ಮೈನಸ್ಸಿಗೂ ಒತ್ತಿ ಹಿಡಿಯುತ್ತಾರೆ. ಒತ್ತುವುದು ಟರ್ಮಿನಲ್ಲಿನ ಕ್ಲಾಂಪಿಗಲ್ಲ, ನಡುವಿನ ಸೀಸದ ಗುಬುಟಿಗೆ. ಈ ವ್ಯತ್ಯಾಸ ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ. ಮೀಟರು 11.9 ತೋರಿಸಿತು.

ಹನ್ನೆರಡು ವೋಲ್ಟ್ ಬ್ಯಾಟರಿ ಎಂದು ನಾವು ಕರೆಯುತ್ತೇವಾದರೂ ಹನ್ನೆರಡಕ್ಕೆ ಇಳಿದ ಬ್ಯಾಟರಿ ಹೆಚ್ಚುಕಡಿಮೆ ಖಾಲಿಯಾದದ್ದೇ. ಡಬ್ಬಿಯೊಳಗೆ ಆರು ಕೋಣೆಗಳಿವೆ, ಒಂದೊಂದೂ 2.1 ವೋಲ್ಟಿನದು. ಸೀಸದ ತಟ್ಟೆ, ಗಂಧಕಾಮ್ಲ, ಇವುಗಳ ನಡುವಿನ ರಸಾಯನ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಕೊಂಡ ಕೂಟವೇ ಇಂದಿಗೂ ನಡೆಯುತ್ತಿದೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರಿಂದ 12.7 ತೋರಿಸಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ರಬ್ಬರ್ ಬುರುಡೆಯ ಗಾಜಿನ ಹೈಡ್ರೋಮೀಟರಿನಿಂದ ಒಂದೊಂದೇ ಕೋಣೆಯ ಆಸಿಡ್ ಹೀರಿ ತೂಕ ನೋಡಬಹುದು. ಎಲ್ಲದರಲ್ಲೂ 1.265ರ ಆಸುಪಾಸು ಇದ್ದು ಒಂದರಲ್ಲಿ ಮಾತ್ರ ತೀರಾ ಕೆಳಗಿದ್ದರೆ ಆ ಕೋಣೆ ಸತ್ತಿದೆ, ಬ್ಯಾಟರಿ ಬದಲಿಸಲೇಬೇಕು. ಯಜಮಾನರ ಬ್ಯಾಟರಿಯ ಆರೂ ಕೋಣೆಗಳು ಸಮನಾಗಿ ಇಳಿದಿದ್ದವು. ರೋಗದ ಬ್ಯಾಟರಿಯಲ್ಲ, ಉಪವಾಸದ ಬ್ಯಾಟರಿ.

"ಇದು ಬರೀ ಕಣಜ ಯಜಮಾನ್ರೇ, ದುಡಿಯೋನು ಆಲ್ಟರ್ನೇಟರು. ದುಡಿದದ್ದು ಕಣಜಕ್ಕೆ ಬಂದು ಬೀಳ್ತಿಲ್ಲ ಅಂದ್ರೆ ಕಣಜ ಬದಲಾಯಿಸಿ ಏನ್ ಮಾಡ್ತೀರಿ?" ಎಂದು ಮೇಸ್ತ್ರಿ ಅಂಗಡಿಯ ಚಾರ್ಜಾದ ಬ್ಯಾಟರಿಯೊಂದನ್ನು ತಂದು ಜೋಡಿಸಿದರು. ಪ್ಲಸ್ಸಿಗೆ ಪ್ಲಸ್ಸು ಮೊದಲು, ಮೈನಸ್ಸು ಕೊನೆಗೆ. ಅದೂ ಸೊರಗಿದ ಬ್ಯಾಟರಿಯ ಗುಬುಟಿಗಲ್ಲ, ದೂರದಲ್ಲಿ ಎಂಜಿನ್ನಿನ ಬರಿಮೈ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಹಾರುವ ಕಿಡಿ ಹೈಡ್ರೋಜನ್ನಿನ ಹತ್ತಿರ ಹಾರಬಾರದಲ್ಲ. "ಲೇ ತಮ್ಮಾ, ಹೊಡಿ ಸೆಲ್ಫು" ಎಂದರು. ಒಳಗೆ ಕೂತ ಹುಡುಗ ಕೀಲಿ ತಿರುಗಿಸಿದ. ಎಂಜಿನ್ ಹತ್ತಿತು.

ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಕೀಲಿ ತಿರುಗಿಸಿದಾಗ ಹತ್ತಿಕೊಂಡಿತ್ತು, ಎಂಜಿನ್ ಓಡಿದೊಡನೆ ಆರಿತು. ಅದು ಬರೀ ಎಚ್ಚರಿಕೆಯ ದೀಪವೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಳೇ ಬಗೆಯ ಗಾಡಿಗಳಲ್ಲಿ ಅದಕ್ಕೆ ಇನ್ನೊಂದು ಉದ್ಯೋಗವೂ ಇದೆ: ಅದರ ಮೂಲಕ ಹರಿದು ಬರುವ ಚೂರು ಕರೆಂಟೇ ಆಲ್ಟರ್ನೇಟರಿನ ಒಳಗಿನ ಕಾಯಿಲಿಗೆ ಮೊದಲ ಚೈತನ್ಯ ಕೊಡುತ್ತದೆ. ಆ ಬಲ್ಬೇ ಸುಟ್ಟುಹೋದರೆ ಎಂಜಿನ್ ರೇಸ್ ಮಾಡುವ ತನಕ ಚಾರ್ಜಿಂಗ್ ಶುರುವಾಗದೆ ಇರಬಹುದು. ಕೀಲಿ ತಿರುಗಿಸಿದಾಗ ದೀಪ ಹತ್ತದಿದ್ದರೆ ಖುಷಿಪಡಬೇಡಿ ಎಂದು ಮೇಸ್ತ್ರಿ ಹೇಳುವುದು ಇದಕ್ಕೇ.

ಆದರೆ ಯಜಮಾನರ ಗಾಡಿಯಲ್ಲಿ ದೀಪ ಹತ್ತಿತು, ಆರಿತು. ಎಲ್ಲ ಸರಿಯಿದೆ ಎಂದಾಯಿತು. ಹಾಗಿದ್ದರೆ ಬ್ಯಾಟರಿ ಬಡವಾಗುವುದೇಕೆ? ಅಂಗಡಿಯ ಬ್ಯಾಟರಿಯ ವೈರುಗಳನ್ನು ಬಿಚ್ಚಿ, ಎ.ಸಿ., ಬ್ಲೋವರ್, ಹೆಡ್‌ಲೈಟ್, ವೈಪರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿಸಿ, ಎಂಜಿನ್ನನ್ನು ಹದವಾಗಿ ರೇಸ್ ಮಾಡಿಸಿ ಮೇಸ್ತ್ರಿ ಮತ್ತೆ ಬ್ಯಾಟರಿಗೆ ಮೀಟರ್ ಹಿಡಿದರು. 12.9. ಅಲ್ಲಿ ಬರಬೇಕಾದದ್ದು 13.8ರಿಂದ 14.5ರ ನಡುವೆ. 12.6ರ ಕಣಜಕ್ಕೆ ಏನಾದರೂ ಏರಬೇಕಾದರೆ ಹೊರಗಿನ ಒತ್ತಡ ಅದಕ್ಕಿಂತ ಸಾಕಷ್ಟು ಮೇಲಿರಬೇಕು. 12.9ಕ್ಕೆ ಬ್ಯಾಟರಿ ಹೆಸರಿಗಷ್ಟೇ ಚಾರ್ಜಾಗುತ್ತದೆ.

ಇಲ್ಲಿಗೆ ಬಂದಾಗ ಅನೇಕರು "ಆಲ್ಟರ್ನೇಟರ್ ಹೋಗಿದೆ" ಎಂದು ಬಿಲ್ಲು ಬರೆದುಬಿಡುತ್ತಾರೆ. ಈ ಮೇಸ್ತ್ರಿ ಇನ್ನೂ ಬಗ್ಗಿದರು. ಆಲ್ಟರ್ನೇಟರಿನ ಹಿಂಬದಿಯಲ್ಲಿ ರಬ್ಬರ್ ಟೊಪ್ಪಿ ಹಾಕಿಕೊಂಡ ದಪ್ಪ ಬೋಲ್ಟೊಂದಿದೆ, ದುಡಿದದ್ದೆಲ್ಲ ಹೊರಬರುವ ಬಾಗಿಲು ಅದು. ಟೊಪ್ಪಿ ಸರಿಸಿ, ಕೆಂಪು ಕಡ್ಡಿಯನ್ನು ಅದಕ್ಕೂ ಕಪ್ಪು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೂ ಇಟ್ಟರು. 14.3. ಯಂತ್ರ ಚೆನ್ನಾಗಿಯೇ ದುಡಿಯುತ್ತಿದೆ. ಹುಟ್ಟಿದ ಜಾಗದಲ್ಲಿ 14.3, ತಲುಪಿದ ಜಾಗದಲ್ಲಿ 12.9. ನಡುದಾರಿಯಲ್ಲಿ 1.4 ವೋಲ್ಟ್ ಯಾರೋ ನುಂಗಿದ್ದಾರೆ.

ನುಂಗಿದವರನ್ನು ಹಿಡಿಯುವ ಕೆಲಸ ನೋಡಲು ಚೆಂದ. ಮೇಸ್ತ್ರಿ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಆ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೂ ಇಟ್ಟರು. ಎರಡೂ ಒಂದೇ ತಂತಿಯ ಎರಡು ತುದಿ. ತಂತಿ, ಫ್ಯೂಸು, ಕ್ಲಾಂಪು ಎಲ್ಲ ಚೊಕ್ಕಟವಾಗಿದ್ದರೆ ಮೀಟರು ಸೊನ್ನೆಯ ಹತ್ತಿರವೇ ಕೂರಬೇಕು, 0.2 ಅಥವಾ ಹೆಚ್ಚೆಂದರೆ 0.3 ವೋಲ್ಟ್ ಬಂದರೆ ಕ್ಷಮೆಯುಂಟು. ಕಡ್ಡಿಯನ್ನು ಕ್ಲಾಂಪಿಗೆ ಒತ್ತಿದರೆ ಕ್ಲಾಂಪಿನ ದೋಷ ಅಳತೆಗೆ ಸಿಗುವುದಿಲ್ಲ, ಗುಬುಟಿಗೇ ಒತ್ತುವುದು ಅದಕ್ಕೇ. ಬಂದದ್ದು 0.15. ಪ್ಲಸ್ಸಿನ ದಾರಿ ಶುದ್ಧ. ಈಗ ಕಡ್ಡಿಗಳನ್ನು ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ ಗುಬುಟಿಗೂ ಬದಲಿಸಿದರು. 1.25.

"ಅರ್ತು" ಎಂದರು ಮೇಸ್ತ್ರಿ, ಅಷ್ಟೇ.

ಕರೆಂಟು ಹೋಗಲು ಒಂದು ದಾರಿ ಬೇಕು, ಮರಳಲು ಇನ್ನೊಂದು ಬೇಕು. ಹೋಗುವ ದಾರಿಗೆ ಕೆಂಪು ತಂತಿ, ಫ್ಯೂಸು, ರಬ್ಬರ್ ಟೊಪ್ಪಿ ಎಂದು ಮರ್ಯಾದೆಯೆಲ್ಲ ಇದೆ. ಮರಳುವ ದಾರಿ ಮಾತ್ರ ಎಂಜಿನ್ನಿನ ಮೈ, ಗೇರ್‌ಬಾಕ್ಸಿಗೆ ಬಿಗಿದ ಒಂದು ಕಪ್ಪು ಕೇಬಲ್ಲು, ಅದರ ತುದಿಯ ಒಂದು ಬೋಲ್ಟು. ಆ ಬೋಲ್ಟು ಬ್ಯಾಟರಿ ತಟ್ಟೆಯ ಕೆಳಗೆ, ಚಕ್ರದಿಂದ ಚಿಮ್ಮುವ ಕೆಸರು ಸರಿಯಾಗಿ ಬಡಿಯುವ ಕಡೆ ಕೂತಿರುತ್ತದೆ. ಯಾರೂ ಅತ್ತ ನೋಡುವುದಿಲ್ಲ. ಹುಡುಗ ಕೈದೀಪ ಹಿಡಿದ, ಮೇಸ್ತ್ರಿ ಹನ್ನೆರಡರ ಪಾನಾ ಹಾಕಿ ಬಿಚ್ಚಿದರು. ಹೊರಬಂದ ತಾಮ್ರದ ಕಣ್ಣು ಹಸಿರುಗಟ್ಟಿತ್ತು. ಅದರ ಕೆಳಗೆ ಬೆಳ್ಳಗೆ ಪುಡಿ, ಪುಡಿಯ ಕೆಳಗೆ ತುಕ್ಕು. ಕೇಬಲ್ಲಿನ ಕಪ್ಪು ಸಿಪ್ಪೆಯನ್ನು ಬ್ಲೇಡಿನಿಂದ ಒಂದಿಂಚು ಸೀಳಿದರೆ ಒಳಗಿನ ಎಳೆಗಳೂ ಕಪ್ಪಾಗಿ, ಉಗುರು ತಾಗಿಸಿದರೆ ಪುಡಿಯಾಗಿ ಉದುರಿದವು. ಮಲೆನಾಡಿನ ಮಳೆ ಮೇಲಿನಿಂದ ಕಾಣದಂತೆ ಒಳಗೊಳಗೇ ತಿಂದಿತ್ತು.

ಮೇಸ್ತ್ರಿ ಆಮೇಲೆ ಇನ್ನೊಂದು ತಮಾಷೆ ತೋರಿಸಿದರು. ಕೊಳೆತ ಕೇಬಲ್ಲನ್ನು ಒಮ್ಮೆ ಹಾಗೇ ಮತ್ತೆ ಸಿಕ್ಕಿಸಿ, ಹುಡುಗನಿಂದ ಎರಡು ಮೂರು ಸಲ ಸೆಲ್ಫ್ ಹೊಡೆಸಿ, ಯಜಮಾನರ ಕೈಯನ್ನು ಕ್ಲಚ್ ಕೇಬಲ್ಲಿನ ಮೇಲೆ ಇಟ್ಟರು. ಬೆಚ್ಚಗಿತ್ತು. ಸೆಲ್ಫ್ ಮೋಟಾರು ಎಳೆಯುವ ನೂರು ನೂರೈವತ್ತು ಆಂಪಿಯರ್ ಕರೆಂಟು ತನ್ನ ಹೆದ್ದಾರಿ ಮುಚ್ಚಿದ್ದರಿಂದ ಕ್ಲಚ್ಚಿನ ಉಕ್ಕಿನ ತಂತಿಯ ಕಾಲುದಾರಿ ಹಿಡಿದು ಬಾಡಿಗೆ ದಾಟಿ ಬ್ಯಾಟರಿಗೆ ಮರಳುತ್ತಿತ್ತು. ಯಜಮಾನರು ಹೋದ ವರ್ಷ ಕ್ಲಚ್ ಕೇಬಲ್ ಬಿಗಿಹಿಡಿಯಿತೆಂದು ಹೊಸದು ಹಾಕಿಸಿದ್ದು ಆಗ ನೆನಪಾಯಿತು. ಅದಕ್ಕೂ ಇದಕ್ಕೂ ನಂಟಿತ್ತೇ ಎಂದು ಮೇಸ್ತ್ರಿ ಆಣೆ ಮಾಡಲಿಲ್ಲ. ನಕ್ಕರು.

ಮಳೆಗಾಲದಲ್ಲೇ ಯಾಕೆ ಈ ಕಾಟ ಎಂಬುದಕ್ಕೂ ಲೆಕ್ಕವಿದೆ. ಬೇಸಿಗೆಯ ಹಗಲಿನಲ್ಲಿ ಗಾಡಿಗೆ ಎಂಜಿನ್ನಿನ ಪಂಪು, ಇಂಜೆಕ್ಟರು, ಕಿಡಿ ಎಂದು ಎಂಟು ಹತ್ತು ಆಂಪಿಯರ್ ಸಾಕು. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಸಂಜೆ ಮಂಜು ಮುಸುಕಿ ಮಳೆ ಹೊಡೆಯುವಾಗ ಹೆಡ್‌ಲೈಟಿಗೆ ಎಂಟೊಂಬತ್ತು, ವೈಪರಿಗೆ ನಾಲ್ಕೈದು, ಬ್ಲೋವರಿಗೆ ಹತ್ತರ ಹತ್ತಿರ, ಹಿಂಗಾಜಿನ ಹೀಟರಿಗೆ ಮತ್ತೆ ಹತ್ತರ ಮೇಲೆ, ನಡುನಡುವೆ ರೇಡಿಯೇಟರ್ ಫ್ಯಾನು ಎದ್ದರೆ ಅದಕ್ಕೊಂದಿಷ್ಟು. ಒಟ್ಟು ಐವತ್ತರ ಗಡಿ ಮುಟ್ಟುತ್ತದೆ. ಸಣ್ಣ ಕಾರಿನ ಆಲ್ಟರ್ನೇಟರ್ 60ರಿಂದ 90 ಆಂಪಿಯರಿನದಾದರೂ ಆ ಅಂಕಿ ಎಂಜಿನ್ ಜೋರಾಗಿ ಓಡುವಾಗಿನದು, ಐಡ್ಲಿಂಗಿನಲ್ಲಿ ಅದರ ಅರ್ಧ ಸಿಕ್ಕರೂ ಹೆಚ್ಚು. ಕೊಳೆತ ಜೋಡಣೆಯಲ್ಲಿ ಕರೆಂಟು ಹೆಚ್ಚು ಹರಿದಷ್ಟೂ ವೋಲ್ಟ್ ಹೆಚ್ಚು ಸೋರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮುಚ್ಚಿಹೋಗುತ್ತಿದ್ದ ದೋಷ ಮಳೆಗಾಲದಲ್ಲಿ ಬಯಲಾಗುತ್ತಿತ್ತು.

ಹೊಸ ಅರ್ತ್ ಕೇಬಲ್ ಬಂತು. ಗೇರ್‌ಬಾಕ್ಸಿನ ಮೈಯನ್ನು ಎಮೆರಿ ಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಮೆತ್ತಿದರು. ಟರ್ಮಿನಲ್ಲುಗಳಿಗೆ ಸೋಡಾಪುಡಿ ಕಲಸಿದ ಬಿಸಿನೀರು ಸುರಿದಾಗ ಬಿಳಿ ಹೂವು ನೊರೆನೊರೆಯಾಗಿ ಕರಗಿ ಹೋಯಿತು. ಮತ್ತೆ ಎಲ್ಲ ಲೋಡು ಹಾಕಿ ಅಳೆದರೆ ಬ್ಯಾಟರಿಯ ಗುಬುಟಿಯಲ್ಲೇ 14.1. ಯಜಮಾನರ ಬ್ಯಾಟರಿಯನ್ನು ಮಾತ್ರ ಗಾಡಿಯಲ್ಲಿ ಬಿಡದೆ ಹಲಗೆಯ ಮೇಲೆ ಚಾರ್ಜಿಗೆ ಇಟ್ಟರು. 35 ಆಂಪಿಯರ್-ಅವರಿನದು, ಮೂರೂವರೆ ಆಂಪಿಯರಿನಂತೆ ಹತ್ತು ಹನ್ನೆರಡು ತಾಸು. ತೀರಾ ಖಾಲಿಯಾದ ಬ್ಯಾಟರಿಯನ್ನು ತುಂಬುವ ಕೆಲಸ ಆಲ್ಟರ್ನೇಟರಿನದಲ್ಲ, ಸೆಲ್ಫಿನಲ್ಲಿ ಖರ್ಚಾದಷ್ಟನ್ನು ಭರ್ತಿ ಮಾಡುವುದಷ್ಟೇ ಅದರ ಪಾಲು. ಖಾಲಿ ಬ್ಯಾಟರಿ ಹಾಕಿಕೊಂಡು ದೂರ ಓಡಿಸಿದರೆ ಆಲ್ಟರ್ನೇಟರಿನ ಒಳಗಿನ ಡಯೋಡುಗಳು ಕಾದು ಕೆಟ್ಟು ಇನ್ನೊಂದು ಖರ್ಚಿಗೆ ದಾರಿಯಾಗುತ್ತದೆ.

ಡಯೋಡು ಎಂದೆನಲ್ಲ, ಈಗ ಬೆಂಚಿನಿಂದ ಎದ್ದು ಒಳಗಿನ ಮೇಜಿನ ಬಳಿ ಬನ್ನಿ. ಬಾಡಿಗೆ ಓಡಿಸುವ ಡೀಸೆಲ್ ಗಾಡಿಯೊಂದರ ಆಲ್ಟರ್ನೇಟರನ್ನು ಅಲ್ಲಿ ಬಿಚ್ಚಿ ಹರಡಿದ್ದಾರೆ. ಉದ್ದ ಬೋಲ್ಟುಗಳನ್ನು ತೆಗೆದು ಮರದ ಸುತ್ತಿಗೆಯಿಂದ ತಟ್ಟಿದರೆ ಅಲ್ಯುಮಿನಿಯಂ ಚಿಪ್ಪು ಎರಡು ಹೋಳಾಗುತ್ತದೆ. ಒಳಗಿನಿಂದ ವಾರ್ನಿಷಿನ ವಾಸನೆ, ಕಾರ್ಬನ್ನಿನ ಕರಿ ಪುಡಿ.

ನಡುವಿನಲ್ಲಿ ತಿರುಗುವ ರೋಟರು, ಬೆರಳುಗಳನ್ನು ಒಂದರೊಳಗೊಂದು ಹೆಣೆದ ಎರಡು ಕಬ್ಬಿಣದ ಪಂಜಗಳ ನಡುವೆ ಸುತ್ತಿದ ಒಂದೇ ಕಾಯಿಲು. ಅದರ ಕತ್ತಿನ ಬಳಿ ಎರಡು ತಾಮ್ರದ ಬಳೆಗಳು, ಬಳೆಗಳನ್ನು ಸದಾ ಸವರುತ್ತ ಕೂರುವ ಎರಡು ಕಾರ್ಬನ್ ಬ್ರಷ್ಷುಗಳು. ಆ ಬ್ರಷ್ಷಿನ ಮೂಲಕ ರೋಟರಿಗೆ ಹೋಗುವ ಕರೆಂಟು ನಾಲ್ಕೈದು ಆಂಪಿಯರ್ ಮೀರುವುದಿಲ್ಲ. ಅಷ್ಟರಲ್ಲೇ ಅದು ಅಯಸ್ಕಾಂತವಾಗಿ, ಬೆಲ್ಟಿನ ಎಳೆತಕ್ಕೆ ಎಂಜಿನ್ನಿಗಿಂತ ಎರಡು ಮೂರು ಪಟ್ಟು ವೇಗವಾಗಿ ತಿರುಗುತ್ತ, ಸುತ್ತಲಿನ ಸ್ಟೇಟರಿನ ಮೂರು ಸುತ್ತು ತಂತಿಗಳಲ್ಲಿ ಹತ್ತಿಪ್ಪತ್ತು ಪಟ್ಟು ಕರೆಂಟು ಹುಟ್ಟಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಲಂಡನ್ನಿನ ಪ್ರಯೋಗಶಾಲೆಯಲ್ಲಿ ತೋರಿಸಿದ ತತ್ವವಿದು. ಹುಟ್ಟುವುದು ದಿಕ್ಕು ಬದಲಿಸುತ್ತಲೇ ಇರುವ ಕರೆಂಟು, ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನದು. ಹಿಂಬದಿಯ ಕುದುರೆಲಾಳದ ಆಕಾರದ ತಟ್ಟೆಯಲ್ಲಿ ಕೂತ ಆರು ಡಯೋಡುಗಳು ಅದನ್ನು ತಿದ್ದುತ್ತವೆ. ಇನ್ನುಳಿದದ್ದು ರೆಗ್ಯುಲೇಟರ್, ಬೆಂಕಿಪೊಟ್ಟಣದಷ್ಟು ಗಾತ್ರದ ಕಪ್ಪು ತುಂಡು. ವೋಲ್ಟ್ ಮಿತಿ ದಾಟಿದೊಡನೆ ರೋಟರಿನ ಕರೆಂಟು ಕಡಿದು, ಇಳಿದೊಡನೆ ಕೊಟ್ಟು, ಸೆಕೆಂಡಿಗೆ ನೂರಾರು ಸಲ ಇದೇ ಆಟ. ಅದು ಕೆಟ್ಟರೆ ಎರಡರಲ್ಲೊಂದು: ಚಾರ್ಜೇ ಇಲ್ಲ, ಇಲ್ಲವೇ ಮಿತಿಯೇ ಇಲ್ಲ. ಎರಡನೆಯದು ಹೆಚ್ಚು ಹಾಳು. ಮೀಟರು 15 ದಾಟುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಹೋಗುತ್ತವೆ, ಬ್ಯಾಟರಿ ಕುದಿದು ಬಾನೆಟ್ಟಿನಿಂದ ಕೊಳೆತ ಮೊಟ್ಟೆಯ ನಾತ ಬರುತ್ತದೆ.

ಈ ಡೀಸೆಲ್ ಗಾಡಿಯ ದೂರು ಬೇರೆಯದು. ಓಡುವಾಗ ಎಲ್ಲ ಚೆನ್ನ, ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ಜೊತೆಗೆ ಹಾಡು ಹಾಕಿದರೆ ಸ್ಪೀಕರಿನಲ್ಲಿ ಸಣ್ಣ ಕೀರಲು, ಎಂಜಿನ್ ರೇಸ್ ಮಾಡಿದಂತೆ ಅದರ ಶ್ರುತಿಯೂ ಏರುತ್ತದೆ. ಮೇಸ್ತ್ರಿ ಬೀಗ ಹಾಕಿದ ಗಾಡಿಯ ಮೈನಸ್ ಕೇಬಲ್ ಬಿಚ್ಚಿ ನಡುವೆ ಮೀಟರನ್ನು ಸೇರಿಸಿದ್ದರು. ಮಲಗಿದ ಗಾಡಿಗೂ ಗಡಿಯಾರ, ಅಲಾರಂ, ಕಂಪ್ಯೂಟರಿನ ನೆನಪು ಎಂದು ಒಂದಿಷ್ಟು ಕರೆಂಟು ಬೇಕು, 50 ಮಿಲಿಆಂಪಿಯರ್ ಒಳಗಿದ್ದರೆ ಮಾಫಿ. ಇದರಲ್ಲಿ 400 ಹರಿಯುತ್ತಿತ್ತು. ಬಿಟ್ಟರೆ ವಾರಕ್ಕೆ 67 ಆಂಪಿಯರ್-ಅವರ್, ದೊಡ್ಡ ಬ್ಯಾಟರಿಯನ್ನೂ ಬರಿದು ಮಾಡುವಷ್ಟು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರೂ ಅಂಕಿ ಇಳಿಯಲಿಲ್ಲ. ಬ್ಯಾಟರಿ ಬಿಚ್ಚಿಟ್ಟು ಆಲ್ಟರ್ನೇಟರಿನ ದಪ್ಪ ವೈರನ್ನು ಕಳಚಿ ಮತ್ತೆ ನೋಡಿದಾಗ 20ಕ್ಕೆ ಇಳಿಯಿತು. ಈಗ ಮೇಜಿನ ಮೇಲೆ ಡಯೋಡುಗಳನ್ನು ಒಂದೊಂದಾಗಿ ಎರಡೂ ದಿಕ್ಕಿನಿಂದ ಮುಟ್ಟಿಸಿ ನೋಡುತ್ತಿದ್ದಾರೆ. ಒಂದು ಕಡೆಯಿಂದ ಅರ್ಧ ವೋಲ್ಟಿನ ಆಸುಪಾಸು ತೋರಿಸಿ ಇನ್ನೊಂದು ಕಡೆಯಿಂದ ಮೌನವಾಗಿರಬೇಕು. ಒಂದು ಪೂರ್ತಿ ಶಾರ್ಟ್ ಆಗಿತ್ತು, ಅದರ ಜೋಡಿಯದು ಸೋರುತ್ತಿತ್ತು. ಇದನ್ನು ಆಲ್ಟರ್ನೇಟರ್ ಬಿಚ್ಚುವ ಮುಂಚೆಯೇ ಊಹಿಸಬಹುದಿತ್ತು: ಎಂಜಿನ್ ಓಡುವಾಗ ಮೀಟರನ್ನು ಎ.ಸಿ. ಅಳತೆಗೆ ತಿರುಗಿಸಿ ಬ್ಯಾಟರಿಗೆ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡಿನ ಮೇಲೆ ಅನುಮಾನ.

ಮೇಜಿನಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಉದ್ದನೆಯ ಸಿಲಿಂಡರಿನಂಥ ಒಂದು ವಸ್ತು ಮಲಗಿದೆ. ಅಂಬಾಸಿಡರಿನ ಕಾಲದ ಡೈನಮೋ. ಮೇಸ್ತ್ರಿ ಇದನ್ನು ಮಾರುವುದಿಲ್ಲ, ಕಲಿತದ್ದೇ ಇದರ ಮೇಲೆ. ಇಪ್ಪತ್ತು ಇಪ್ಪತ್ತೆರಡು ಆಂಪಿಯರ್ ಕೊಡುತ್ತಿತ್ತು, ಐಡ್ಲಿಂಗಿನಲ್ಲಿ ಅದೂ ಇಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಡ್ಯಾಶ್‌ಬೋರ್ಡಿನ ಆಂಪಿಯರ್ ಮುಳ್ಳು ಮೈನಸ್ಸಿಗೆ ವಾಲುತ್ತಿತ್ತು, ಕಟೌಟ್ ಪೆಟ್ಟಿಗೆ ಟಕ್ ಎನ್ನುತ್ತಿತ್ತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1960ರ ಹೊತ್ತಿಗೆ ಕಾರುಗಳಿಗೆ ಆಲ್ಟರ್ನೇಟರ್ ಕೂರಿಸಲು ಶುರುಮಾಡಿತು. ಲೂಕಾಸ್ ಮತ್ತು ಟಿ.ವಿ.ಎಸ್. ಸೇರಿ ಗಾಡಿಗಳ ವಿದ್ಯುತ್ ಸಾಮಾನಿಗಾಗಿ ಮದರಾಸಿನಲ್ಲಿ ಕಂಪನಿ ಕಟ್ಟಿದ್ದು 1961ರಲ್ಲಿ. ಆದರೂ ನಮ್ಮ ರಸ್ತೆಗಳಲ್ಲಿ ಡೈನಮೋ ಬಹುಕಾಲ ಗುನುಗುತ್ತಲೇ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದರ ದಿನಗಳು ಎಣಿಕೆಗೆ ಬಂದವು.

ಡೈನಮೋ ಹೋದರೂ ಅದರ ಕಾಲದ ಒಂದು ದುರಭ್ಯಾಸ ಉಳಿದುಬಿಟ್ಟಿದೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ಟರ್ಮಿನಲ್ ಕಿತ್ತು, "ನೋಡಿ, ಎಂಜಿನ್ ನಿಲ್ಲಲಿಲ್ಲ, ಚಾರ್ಜಿಂಗ್ ಸರಿಯಿದೆ" ಎನ್ನುವ ಪರೀಕ್ಷೆ. ಇಂದಿಗೂ ಹೆದ್ದಾರಿ ಬದಿಯಲ್ಲಿ ಇದನ್ನು ಧೈರ್ಯವಾಗಿ ಮಾಡುವವರಿದ್ದಾರೆ. ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುವ ಗಳಿಗೆಯಲ್ಲಿ ಬ್ಯಾಟರಿಯನ್ನು ಕಿತ್ತರೆ ರೋಟರಿನ ಕಾಂತಬಲ ತಕ್ಷಣ ಇಳಿಯುವುದಿಲ್ಲ, ವೋಲ್ಟ್ ಒಮ್ಮೆಗೇ ನೂರರ ಮೇಲಕ್ಕೂ ನೆಗೆಯಬಹುದು. ಡಯೋಡು, ರೆಗ್ಯುಲೇಟರ್, ಎಂಜಿನ್ನಿನ ಕಂಪ್ಯೂಟರು, ಏನು ಬೇಕಾದರೂ ಸುಡಬಹುದು. ನಿಮ್ಮ ಗಾಡಿಯ ಮೇಲೆ ಯಾರಾದರೂ ಈ ಪರೀಕ್ಷೆಗೆ ಪಾನಾ ಎತ್ತಿದರೆ ಮುಲಾಜಿಲ್ಲದೆ ತಡೆಯಿರಿ.

ಹೊರಗೆ ಇನ್ನೊಂದು ಕಾರು ಬಂದು ನಿಂತಿತು. ಬಂದದ್ದು ಮೊದಲು ಕಿವಿಗೆ ಗೊತ್ತಾಯಿತು, ಬೆಲ್ಟಿನ ಕಿರುಚಾಟ. ನೀರು ಬಿದ್ದಾಗ, ಹೆಡ್‌ಲೈಟ್ ಹಾಕಿದಾಗ ಹೆಚ್ಚುತ್ತದೆ ಎಂದರು ಗಾಡಿಯವರು. ಮೀಟರ್ ತೆಗೆಯುವ ಕೆಲಸವೇ ಬರಲಿಲ್ಲ. ಮೇಸ್ತ್ರಿ ಎಂಜಿನ್ ಆರಿಸಿ ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರು. ಒಂದು ಸೆಂಟಿಮೀಟರ್ ತಗ್ಗಿದರೆ ಸರಿ, ಇದು ಅದರ ಎರಡರಷ್ಟು ಜೋತುಬಿತ್ತು. ಒಳಮೈ ಗಾಜಿನ ಹೊಳಪಿಗೆ ಬಂದು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಬೆಲ್ಟು ಬದಲಾಯಿತು, ಕಿರುಚಾಟ ನಿಂತಿತು.

ಹೊಸ ಗಾಡಿಗಳು ಬಂದರೆ ಮೇಸ್ತ್ರಿ ಸ್ವಲ್ಪ ಗಂಭೀರರಾಗುತ್ತಾರೆ. ಅನೇಕದರಲ್ಲಿ ರೆಗ್ಯುಲೇಟರಿಗೆ ಅಪ್ಪಣೆ ಕೊಡುವುದು ಎಂಜಿನ್ನಿನ ಕಂಪ್ಯೂಟರು. ಬ್ಯಾಟರಿ ತುಂಬಿದೆ ಎಂದು ಅದಕ್ಕೆ ಅನಿಸಿದರೆ ಪೆಟ್ರೋಲ್ ಉಳಿಸಲು ಬೇಕೆಂದೇ 12.8ಕ್ಕೆ ಇಳಿಸುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದರೆ 14.5ರ ಮೇಲಕ್ಕೂ ಏರಿಸುತ್ತದೆ. ಅಂಥ ಗಾಡಿಯಲ್ಲಿ ಒಂದೇ ಸಲ ಅಳೆದು ತೀರ್ಪು ಕೊಟ್ಟರೆ ಒಳ್ಳೆಯ ಆಲ್ಟರ್ನೇಟರಿಗೂ ಮರಣದಂಡನೆ. ಮಾರುತಿಯವರು 2015ರಲ್ಲಿ ಸಿಯಾಜ್‌ನಲ್ಲಿ ತಂದ ಮೈಲ್ಡ್ ಹೈಬ್ರಿಡ್ ಏರ್ಪಾಟಿನಲ್ಲಿ ಬೆಲ್ಟಿನ ತುದಿಯ ಯಂತ್ರ ಚಾರ್ಜನ್ನೂ ಮಾಡುತ್ತದೆ, ಸಿಗ್ನಲ್ಲಿನಲ್ಲಿ ಆರಿದ ಎಂಜಿನ್ನನ್ನೂ ಎಬ್ಬಿಸುತ್ತದೆ. ಇನ್ನು ಪೂರ್ತಿ ವಿದ್ಯುತ್ ಕಾರಿನಲ್ಲಿ ಆಲ್ಟರ್ನೇಟರೇ ಇಲ್ಲ, ಅಡಿಯ ದೊಡ್ಡ ಬ್ಯಾಟರಿಯ ನೂರಾರು ವೋಲ್ಟನ್ನು ಕನ್ವರ್ಟರೊಂದು ಇಳಿಸಿ ಕೊಡುತ್ತದೆ. ವಿಚಿತ್ರವೆಂದರೆ ಅಲ್ಲೂ ಬಾನೆಟ್ಟಿನಡಿ ನಮ್ಮ ಹಳೇ ಹನ್ನೆರಡು ವೋಲ್ಟಿನ ಬ್ಯಾಟರಿ ಕೂತಿರುತ್ತದೆ. ಅದು ಮಲಗಿದರೆ ದೊಡ್ಡದರ ಸ್ವಿಚ್ಚೇ ಬೀಳದೆ ಇಡೀ ಕಾರು ಮಲಗುತ್ತದೆ.

ನೀವು ಘಾಟಿಯ ನಡುವೆ ಇರುವಾಗ ಆ ಕೆಂಪು ದೀಪ ಹತ್ತಿಕೊಂಡರೆ ಮೊದಲು ನೋಡಬೇಕಾದದ್ದು ಎಂಜಿನ್ನಿನ ಶಾಖದ ಮುಳ್ಳು. ಬೆಲ್ಟೇ ಕಡಿದಿದ್ದರೆ ಹಲವು ಗಾಡಿಗಳಲ್ಲಿ ನೀರಿನ ಪಂಪೂ ನಿಂತಿರುತ್ತದೆ, ಮುಂದೆ ಓಡಿಸಬಾರದು. ಶಾಖ ಏರದೆ ದೀಪ ಮಾತ್ರ ಉರಿಯುತ್ತಿದ್ದರೆ ಎ.ಸಿ., ಬ್ಲೋವರ್, ಹಿಂಗಾಜಿನ ಹೀಟರ್, ಹಾಡು ಎಲ್ಲ ಆರಿಸಿ, ಎಂಜಿನ್ ಮಾತ್ರ ಆರಿಸದೆ ಹತ್ತಿರದ ಊರು ಸೇರಿಕೊಳ್ಳಿ. ತುಂಬಿದ ಬ್ಯಾಟರಿ ರಾತ್ರಿಯಲ್ಲಿ ಒಂದು ತಾಸಿನ ಆಸುಪಾಸು ಎಳೆದೀತು, ಹಗಲಾದರೆ ಇನ್ನೂ ಹೆಚ್ಚು.

ಊರು ಸೇರಿದ ಮೇಲೆ, ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮುಂಚೆ ಅಂಗಡಿಯವರಿಂದ ಮೂರು ಅಳತೆ ಕೇಳಿ ಪಡೆಯಿರಿ: ಗಾಡಿ ಸುಮ್ಮನಿದ್ದಾಗ ಬ್ಯಾಟರಿಯಲ್ಲಿ ಎಷ್ಟು, ಎಲ್ಲ ಲೋಡು ಹಾಕಿ ಓಡುವಾಗ ಎಷ್ಟು, ಅದೇ ಹೊತ್ತಿಗೆ ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ ಎಷ್ಟು. ಐದು ನಿಮಿಷದ ಕೆಲಸ. ಮೂರನೆಯದನ್ನು ಅಳೆಯಲು ಒಪ್ಪದವರಿಂದ ಬ್ಯಾಟರಿ ಕೊಳ್ಳಬೇಡಿ.